ಆಟದ ದುಡ್ಡು, ಬದುಕಿನ ಪಾಠ
ಹೈಸ್ಕೂಲ್ ಮಕ್ಕಳಿಗೆ ಅರ್ಥಶಾಸ್ತ್ರವನ್ನು ಮಾಡಿ ಕಲಿಸುವ ಬಗೆ



ನಮ್ಮ ಸಂಘಗಳ ಸಭೆಯಲ್ಲಿ ವಾರ ವಾರ ಏನು ನಡೀತದೆ? ಹಾಜರಾತಿ, ಉಳಿತಾಯ, ಸಾಲದ ಕಂತು, ಬಡ್ಡಿ, ಹೊಸ ಸಾಲದ ಬೇಡಿಕೆ, ಕೊನೆಗೆ ಪುಸ್ತಕ ಬರೆಯೋದು. ಓದು ಬರಹ ಅಷ್ಟಾಗಿ ಬಾರದ ಅಕ್ಕಂದಿರೂ "ನೂರಕ್ಕೆ ಎರಡು ಅಂದ್ರೆ ಐದು ಸಾವಿರಕ್ಕೆ ತಿಂಗಳಿಗೆ ನೂರು ರೂಪಾಯಿ" ಅಂತ ಬಾಯಲ್ಲೇ ಲೆಕ್ಕ ಹೇಳ್ತಾರೆ. ಅದೇ ಮನೆಯ ಮಗನೋ ಮಗಳೋ ಹೈಸ್ಕೂಲಿನ ಸಮಾಜ ವಿಜ್ಞಾನ ಪುಸ್ತಕದಲ್ಲಿ ಬ್ಯಾಂಕ್ ವ್ಯವಹಾರ, ಉದ್ಯಮಗಾರಿಕೆ, ಗ್ರಾಹಕ ರಕ್ಷಣೆ ಎಂಬ ಪಾಠಗಳನ್ನು ಬಾಯಿಪಾಠ ಮಾಡ್ತಾರೆ. ಪರೀಕ್ಷೆ ಮುಗಿದ ಮರುದಿನ ಮರೀತಾರೆ.

ತಾಯಿಗೆ ಲೆಕ್ಕ ಗೊತ್ತು, ಆದರೆ ಅದಕ್ಕೆ ಪುಸ್ತಕದಲ್ಲಿ ಏನು ಹೆಸರು ಅನ್ನೋದು ಗೊತ್ತಿಲ್ಲ. ಮಗುವಿಗೆ ಹೆಸರು ಗೊತ್ತು, ಆದರೆ ಲೆಕ್ಕ ಕೈಗೆ ಬಂದಿಲ್ಲ. ಇವೆರಡನ್ನೂ ಜೋಡಿಸುವ ಒಂದು ದಾರಿ ಇದೆ. ಮಕ್ಕಳ ಕೈಗೆ ಆಟದ ದುಡ್ಡು ಕೊಟ್ಟು, ಅದನ್ನು ಎಲ್ಲಿ ಹಾಕಬೇಕು, ಎಷ್ಟು ಹಾಕಬೇಕು, ಯಾವಾಗ ತೆಗೀಬೇಕು ಎಂದು ಅವರಿಂದಲೇ ತೀರ್ಮಾನ ಮಾಡಿಸುವುದು. ಇದಕ್ಕೆ ಹೂಡಿಕೆಯ ಆಟ ಅಂತಾರೆ. ಇದು ಏನು, ಹೇಗೆ ಆಡಿಸಬಹುದು, ಎಲ್ಲಿ ಹುಷಾರಾಗಿರಬೇಕು ಎಂಬುದನ್ನು ಇಲ್ಲಿ ತಿಳಿಯೋಣ.

ಈಗ ಯಾಕೆ ಈ ಮಾತು?

ಹದಿನೆಂಟು ತುಂಬಿದ ಹುಡುಗ ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲೋ ಕಡಕೊಳದಲ್ಲೋ ಕೆಲಸಕ್ಕೆ ಸೇರ್ತಾನೆ ಅಂತಿಟ್ಟುಕೊಳ್ಳಿ. ಮೊದಲ ಸಂಬಳ ಬರುವ ಹೊತ್ತಿಗೆ ಅವನ ಫೋನಿನಲ್ಲಿ ಸಾಲ ಕೊಡುವ ಆ್ಯಪ್, ಷೇರು ಕೊಳ್ಳುವ ಆ್ಯಪ್, "ದಿನಕ್ಕೆ ಎರಡು ಸಾವಿರ ಗಳಿಸಿ" ಎನ್ನುವ ವಾಟ್ಸಾಪ್ ಗುಂಪು ಎಲ್ಲವೂ ಬಂದು ಕೂತಿರುತ್ತವೆ. ಇದರಲ್ಲಿ ಯಾವುದು ಉಳಿತಾಯ, ಯಾವುದು ಹೂಡಿಕೆ, ಯಾವುದು ಜೂಜು, ಯಾವುದು ಮೋಸ ಅಂತ ಅವನಿಗೆ ಯಾರೂ ಹೇಳಿಕೊಟ್ಟಿಲ್ಲ.

ಷೇರು ಪೇಟೆಯನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆಗೆ ಸೆಬಿ ಎಂದು ಹೆಸರು. ಅದು 2024ರ ಸೆಪ್ಟೆಂಬರ್‌ನಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಮುಂದಿನ ದಿನದ ಬೆಲೆ ಏರುತ್ತೋ ಇಳಿಯುತ್ತೋ ಎಂಬುದರ ಮೇಲೆ ನಡೆಯುವ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಎಂಬ ವ್ಯವಹಾರದಲ್ಲಿ 2021-22ರಿಂದ 2023-24ರವರೆಗಿನ ಮೂರು ವರ್ಷದಲ್ಲಿ ಕೈ ಹಾಕಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿ ದುಡ್ಡು ಕಳಕೊಂಡಿದ್ದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ನೂರು ಜನ ಹೋದ ಹಾದಿಯಲ್ಲಿ ಏಳೇ ಜನ ಸುಖವಾಗಿ ವಾಪಸ್ಸು ಬಂದರು ಅಂದ್ರೆ, ಆ ಹಾದಿಗೆ ನಮ್ಮ ಮಕ್ಕಳನ್ನ ಕಣ್ಣು ಮುಚ್ಚಿ ಕಳಿಸ್ತೀವಾ?

ಸಾಲದ ಕಡೆಯದ್ದೂ ಇದೇ ಕಥೆ. 2025ರ ಆರಂಭದಲ್ಲಿ ಮೈಸೂರು, ಚಾಮರಾಜನಗರ ಜಿಲ್ಲೆಗಳ ಹಳ್ಳಿಗಳಲ್ಲಿ ಕಿರುಸಾಲದ ಕಂತು ಕಟ್ಟಲಾಗದೆ ಮನೆಗೆ ಬೀಗ ಹಾಕಿ ಹೋದ ಕುಟುಂಬಗಳ ಸುದ್ದಿಯನ್ನು ನಾವೆಲ್ಲ ಓದಿದೆವು. ಸಾಲ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ ಅದೇ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು. ಕಾನೂನು ಬೇಕು, ನಿಜ. ಆದರೆ ಒಂದು ಸಾಲದ ಕಂತು ಕಟ್ಟಲು ಇನ್ನೊಂದು ಸಾಲ ತೆಗೆದರೆ ಎಲ್ಲಿಗೆ ಹೋಗಿ ನಿಲ್ತದೆ ಎಂಬ ಲೆಕ್ಕ ಹದಿನಾಲ್ಕು ಹದಿನೈದನೇ ವಯಸ್ಸಿಗೇ ತಲೆಗೆ ಹತ್ತಿದರೆ, ಆ ಕಾನೂನಿನ ಬಾಗಿಲು ತಟ್ಟುವ ಸಂದರ್ಭವೇ ಕಡಿಮೆಯಾಗ್ತದೆ.

ಮಾಡಿ ಕಲಿಯೋದು ನಮಗೆ ಹೊಸದಲ್ಲ

ಮಕ್ಕಳು ಕೂತು ಕೇಳುವುದಕ್ಕಿಂತ ಕೈಯಾರೆ ಮಾಡಿದಾಗ ಚೆನ್ನಾಗಿ ಕಲೀತಾರೆ ಎಂಬುದಕ್ಕೆ ನಮ್ಮ ಜಿಲ್ಲೆಯೇ ಸಾಕ್ಷಿ. ನಲಿ-ಕಲಿ ಪದ್ಧತಿ 1995ರಲ್ಲಿ ಶುರುವಾದದ್ದು ನಮ್ಮ ಪಕ್ಕದ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಆಮೇಲೆ ಅದು ಇಡೀ ರಾಜ್ಯಕ್ಕೆ ಹಬ್ಬಿತು.

ಈಗ ಅನೇಕ ಸರ್ಕಾರಿ ಶಾಲೆಗಳಲ್ಲಿ ಮಕ್ಕಳ ಸಂತೆ ನಡೆಸ್ತಾರೆ. ಮಕ್ಕಳು ಮನೆಯಿಂದ ಸೊಪ್ಪು, ತೆಂಗಿನಕಾಯಿ, ಹುರುಳಿಕಾಳು, ಬಾಳೆಹಣ್ಣು ತಂದು ಶಾಲೆಯ ಅಂಗಳದಲ್ಲಿ ಮಾರ್ತಾರೆ. ತಾಯಂದಿರಾದ ನಾವೇ ಗಿರಾಕಿಗಳು. ಒಂದು ಮಗು ಹತ್ತು ಕಟ್ಟು ಸೊಪ್ಪನ್ನು ಕಟ್ಟಿಗೆ ಹತ್ತು ರೂಪಾಯಿಯಂತೆ ಮಾರಿ "ನೂರು ರೂಪಾಯಿ ಲಾಭ" ಅಂತ ಕುಣೀತದೆ. ಅಲ್ಲಿಗೆ ಸಂತೆ ಮುಗೀತು ಅಂದ್ರೆ ಪಾಠ ಅರ್ಧಕ್ಕೇ ನಿಂತಂಗೆ. ಬೀಜಕ್ಕೆ ಎಷ್ಟಾಯ್ತು? ನೀರು ಹಾಯಿಸಿದವರು ಯಾರು? ಬೆಳಿಗ್ಗೆ ಐದಕ್ಕೆ ಎದ್ದು ಸೊಪ್ಪು ಕಿತ್ತು ಕಟ್ಟು ಕಟ್ಟಿದ ಅವ್ವನ ಕೂಲಿ ಎಷ್ಟು? ಇದನ್ನೆಲ್ಲ ಕಳೆದ ಮೇಲೆ ಉಳಿದದ್ದು ತಾನೇ ಲಾಭ? ಈ ಪ್ರಶ್ನೆ ಕೇಳಿದ ಕೂಡಲೇ ಮಕ್ಕಳ ಸಂತೆ ಅರ್ಥಶಾಸ್ತ್ರದ ತರಗತಿಯಾಗ್ತದೆ. ಅಷ್ಟೇ ಅಲ್ಲ, ಅವ್ವನ ದುಡಿಮೆಗೂ ಬೆಲೆ ಇದೆ ಎಂಬುದು ಮಗುವಿನ ಕಣ್ಣಿಗೆ ಬೀಳ್ತದೆ.

ಉಳಿತಾಯ ಕಲಿಸುವುದರಲ್ಲೂ ಕರ್ನಾಟಕ ಹಿಂದೆ ಬಿದ್ದಿಲ್ಲ. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕಿನವರು ಪಿಗ್ಮಿ ಠೇವಣಿ ಶುರು ಮಾಡಿದರು. ಬ್ಯಾಂಕಿನ ಏಜೆಂಟರು ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ಪಡೆದು ಬರೆದುಕೊಳ್ತಿದ್ದರು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು, ಆದರೆ ಪಿಗ್ಮಿ ಎಂಬ ಮಾತು ಇಂದಿಗೂ ಉಳಿದಿದೆ. ನಮ್ಮ ಸಂಘಗಳ ಬೇರು ಕೂಡ ಇಲ್ಲಿಯದೇ. 1980ರ ದಶಕದಲ್ಲಿ ಮೈರಾಡ ಸಂಸ್ಥೆ ಕರ್ನಾಟಕದಲ್ಲಿ ಕಟ್ಟಿದ ಗುಂಪುಗಳ ಅನುಭವ ನೋಡಿಯೇ ನಬಾರ್ಡ್ 1992ರಲ್ಲಿ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕಾರ್ಯಕ್ರಮ ಆರಂಭಿಸಿತು.

ಹೊರಗಡೆಯೂ ಇಂಥ ಪ್ರಯತ್ನಗಳಿವೆ. ಮುಂಬೈಯಲ್ಲಿ 1991ರಲ್ಲಿ ಜೆರೂ ಬಿಲಿಮೋರಿಯಾ ಅವರು ಆರಂಭಿಸಿದ ಮೇಲ್‌ಜೋಲ್ ಸಂಸ್ಥೆಯ ಕೆಲಸದಿಂದ ಅಫ್ಲಾತೂನ್ ಎಂಬ ಕಾರ್ಯಕ್ರಮ ಹುಟ್ಟಿತು. ಅದರಲ್ಲಿ ಶಾಲಾ ಮಕ್ಕಳೇ ಉಳಿತಾಯದ ಕೂಟ ಮಾಡಿಕೊಂಡು, ಪುಟ್ಟ ಪಾಸ್‌ಬುಕ್ ಬರೆದು ಕಲೀತಾರೆ. ಈಗ ಅದು ಅನೇಕ ದೇಶಗಳಲ್ಲಿದೆ. ಅಮೆರಿಕದಲ್ಲಿ 1977ರಿಂದ ಶಾಲಾ ಮಕ್ಕಳಿಗಾಗಿ ಷೇರು ಪೇಟೆಯ ಆಟ ನಡೆದು ಬಂದಿದೆ. ಮಕ್ಕಳ ತಂಡಕ್ಕೆ ಒಂದು ಲಕ್ಷ ಡಾಲರ್ ಸುಳ್ಳು ದುಡ್ಡು ಕೊಡ್ತಾರೆ. ಮಕ್ಕಳು ಪತ್ರಿಕೆ ಓದಿ, ಚರ್ಚೆ ಮಾಡಿ ಕಂಪನಿಗಳ ಷೇರು ಆರಿಸ್ತಾರೆ.

ನಮಗೆ ಲಕ್ಷ ಡಾಲರೂ ಬೇಡ, ಕಂಪ್ಯೂಟರೂ ಬೇಡ. ಒಂದು ನೋಟ್‌ಬುಕ್, ಒಂದಿಷ್ಟು ಚೀಟಿ, ಹಳೆಯ ದಿನಪತ್ರಿಕೆ ಇದ್ದರೆ ಸಾಕು.

ಷೇರು ಅಂದ್ರೆ ಪಾಲು

ಆಟಕ್ಕೆ ಮುಂಚೆ ಒಂದು ಮಾತು ಬಿಡಿಸಿಕೊಳ್ಳೋಣ. ಷೇರು ಅಂದ್ರೆ ಯಾವುದೋ ಮಾಯೆಯಲ್ಲ, ಪಾಲು ಅಷ್ಟೆ. ನಮ್ಮಲ್ಲಿ ಎಷ್ಟೋ ಮಂದಿ ಹಾಲಿನ ಸೊಸೈಟಿಯ ಸದಸ್ಯರು. ಸೇರುವಾಗ ಷೇರು ಹಣ ಕಟ್ಟಿದ್ದೇವೆ. ಹಾಗಾದ್ರೆ ನಾವು ಆಗಲೇ ಷೇರುದಾರರು!

ಆದರೆ ಸಹಕಾರ ಸಂಘದ ಷೇರಿಗೂ ಕಂಪನಿಯ ಷೇರಿಗೂ ವ್ಯತ್ಯಾಸ ಇದೆ. ಹಾಲಿನ ಸೊಸೈಟಿಯಲ್ಲಿ ಎಷ್ಟೇ ಷೇರಿದ್ದರೂ ಒಬ್ಬರಿಗೆ ಒಂದೇ ಮತ. ಷೇರಿನ ಬೆಲೆ ಪೇಟೆಯಲ್ಲಿ ಏರೋದಿಲ್ಲ, ಇಳಿಯೋದಿಲ್ಲ. ಲಾಭ ಬಂದರೆ ನಾವು ಹಾಕಿದ ಹಾಲಿನ ಲೆಕ್ಕದಲ್ಲಿ ಬೋನಸ್ ಬರ್ತದೆ. ಕಂಪನಿಯಲ್ಲಿ ಹಾಗಲ್ಲ. ಹೆಚ್ಚು ಷೇರು ಇದ್ದವರಿಗೆ ಹೆಚ್ಚು ಮತ. ಷೇರನ್ನು ಪೇಟೆಯಲ್ಲಿ ಯಾರು ಬೇಕಾದರೂ ಕೊಳ್ಳಬಹುದು, ಮಾರಬಹುದು. ಕೊಳ್ಳುವವರು ಜಾಸ್ತಿಯಾದರೆ ಬೆಲೆ ಏರ್ತದೆ, ಮಾರುವವರು ಜಾಸ್ತಿಯಾದರೆ ಇಳೀತದೆ. ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಹರಾಜು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎಲ್ಲ ಕಾರ್ಖಾನೆಯ ಷೇರೂ ಪೇಟೆಯಲ್ಲಿ ಸಿಗೋದಿಲ್ಲ ಎಂಬುದೂ ಮಕ್ಕಳಿಗೆ ತಿಳೀಬೇಕು. ತಿ.ನರಸೀಪುರದಲ್ಲಿ ಗೂಡಿನಿಂದ ನೂಲು ತೆಗೆಯುವ ರೇಷ್ಮೆ ಕಾರ್ಖಾನೆ ಇದೆ. ಅದು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ್ದು. ನಿಗಮದ ಮೈಸೂರು ರೇಷ್ಮೆ ಸೀರೆಗೆ ಎಷ್ಟೇ ಬೇಡಿಕೆ ಬಂದರೂ ಅದರ ಷೇರನ್ನು ನಾವು ಪೇಟೆಯಲ್ಲಿ ಕೊಳ್ಳೋಕಾಗಲ್ಲ, ಯಾಕಂದ್ರೆ ಅದು ರಾಜ್ಯ ಸರ್ಕಾರದ ಸೊತ್ತು. ಹೀಗೆ ಸರ್ಕಾರಿ, ಸಹಕಾರಿ, ಖಾಸಗಿ ಎಂಬ ಮೂರು ಬಗೆಯೂ ನಮ್ಮ ಎರಡು ತಾಲ್ಲೂಕುಗಳಲ್ಲೇ ಕಣ್ಣೆದುರಿಗೆ ಇವೆ.

ನಮ್ಮೂರ ಕಾರ್ಖಾನೆಯೇ ಪಾಠ

ಮಕ್ಕಳಿಗೆ ಗೊತ್ತಿರುವ ಕಂಪನಿಯಿಂದಲೇ ಶುರು ಮಾಡಬೇಕು. ನಂಜನಗೂಡಿನಲ್ಲಿ 1989ರಿಂದ ನೆಸ್ಲೆ ಕಾರ್ಖಾನೆ ಇದೆ. ಮ್ಯಾಗಿ ಗೊತ್ತಿಲ್ಲದ ಮಗು ಯಾವುದಿದೆ? 2015ರ ಜೂನ್ 5ರಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಮ್ಯಾಗಿಯನ್ನು ಅಂಗಡಿಗಳಿಂದ ವಾಪಸ್ಸು ತೆಗೆಯಲು ಆದೇಶ ಮಾಡಿತು. ಸೀಸದ ಅಂಶ ಮಿತಿ ಮೀರಿದೆ ಎಂಬುದು ಕಾರಣವಾಗಿತ್ತು. ಕಂಪನಿ ಅದನ್ನು ಒಪ್ಪಲಿಲ್ಲ. ಷೇರಿನ ಬೆಲೆ ಜೋರಾಗಿ ಕುಸಿಯಿತು. ಆಗಸ್ಟ್ 13ರಂದು ಮುಂಬೈ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿ, ಮತ್ತೆ ಪರೀಕ್ಷೆ ಮಾಡಿಸಲು ಹೇಳಿತು. ಪರೀಕ್ಷೆಯಲ್ಲಿ ತೇರ್ಗಡೆಯಾದ ಮೇಲೆ ನಂಜನಗೂಡು ಸೇರಿ ಮೂರು ಕಾರ್ಖಾನೆಗಳಲ್ಲಿ ತಯಾರಿಕೆ ಪುನಃ ಶುರುವಾಗಿ, ನವೆಂಬರ್‌ನಲ್ಲಿ ಮ್ಯಾಗಿ ಅಂಗಡಿಗೆ ಬಂತು. ಷೇರಿನ ಬೆಲೆಯೂ ಮುಂದಿನ ವರ್ಷಗಳಲ್ಲಿ ಚೇತರಿಸಿಕೊಂಡಿತು.

ಈಗ ಮಕ್ಕಳನ್ನ ಕೇಳಿ: ಜೂನ್ ತಿಂಗಳಲ್ಲಿ ನಿನ್ನ ಹತ್ತಿರ ಆ ಷೇರು ಇದ್ದಿದ್ದರೆ ಮಾರ್ತಿದ್ದೆಯಾ, ಇಟ್ಟುಕೊಳ್ತಿದ್ದೆಯಾ? ಯಾಕೆ? ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ ಮಾಡುವವರ ಮನೆಯಲ್ಲಿ ಆ ತಿಂಗಳುಗಳು ಹೇಗಿದ್ದಿರಬಹುದು? ಒಂದೇ ಸುದ್ದಿ ಷೇರುದಾರನಿಗೆ ಒಂದು ಥರ, ಕೂಲಿಯವನಿಗೆ ಒಂದು ಥರ, ಅಂಗಡಿಯವನಿಗೆ ಇನ್ನೊಂದು ಥರ ತಟ್ಟುತ್ತದೆ ಎಂಬುದು ಆಗ ಅರ್ಥವಾಗ್ತದೆ.

ಇನ್ನೊಂದು ಉದಾಹರಣೆ ಕಬ್ಬಿನದು. ನಂಜನಗೂಡು ತಾಲ್ಲೂಕು ಅಳಗಂಚಿಯ ಬಣ್ಣಾರಿ ಅಮ್ಮನ್ ಸಕ್ಕರೆ ಕಾರ್ಖಾನೆಯ ಕಂಪನಿ ಷೇರು ಪೇಟೆಯಲ್ಲಿದೆ. ಕೇಂದ್ರ ಸರ್ಕಾರ ಕಬ್ಬಿಗೆ ನ್ಯಾಯಯುತ ಮತ್ತು ಲಾಭದಾಯಕ ಬೆಲೆ, ಅಂದ್ರೆ ಎಫ್.ಆರ್.ಪಿ. ನಿಗದಿ ಮಾಡ್ತದೆ. 2024-25ರ ಹಂಗಾಮಿಗೆ ಅದು ಕ್ವಿಂಟಾಲಿಗೆ 340 ರೂ., 2025-26ಕ್ಕೆ 355 ರೂ. ಕ್ವಿಂಟಾಲಿಗೆ 15 ರೂ. ಏರಿದರೆ ಕಬ್ಬು ಬೆಳೆಗಾರರ ಮನೆಗೆ ಅದು ಆದಾಯ, ಕಾರ್ಖಾನೆಗೆ ಅದು ಖರ್ಚು. "ಕಬ್ಬಿನ ಬೆಲೆ ಏರಿದ್ದು ಒಳ್ಳೇದೋ ಕೆಟ್ಟದ್ದೋ?" ಅಂತ ಕೇಳಿದರೆ ಮಗು "ಯಾರಿಗೆ?" ಅಂತ ತಿರುಗಿ ಕೇಳಬೇಕು. ಆ ಒಂದು ಪ್ರಶ್ನೆ ಬಂತು ಅಂದ್ರೆ ಅರ್ಥಶಾಸ್ತ್ರ ಒಳಗೆ ಇಳೀತು ಅಂತ ಲೆಕ್ಕ.

ಏರಿದ ಕಂಪನಿಗಳ ಕಥೆ ಮಾತ್ರ ಹೇಳಬಾರದು. ಮೈಸೂರಿನಲ್ಲಿ ದೊಡ್ಡ ತರಬೇತಿ ಕೇಂದ್ರ ಇರುವ ಇನ್ಫೋಸಿಸ್ 1993ರಲ್ಲಿ ಜನರಿಗೆ ಷೇರು ಕೊಟ್ಟಾಗ ಒಂದರ ಬೆಲೆ 95 ರೂಪಾಯಿ. ಇಟ್ಟುಕೊಂಡವರು ಶ್ರೀಮಂತರಾದರು. ಇದನ್ನು ಎಲ್ಲರೂ ಹೇಳ್ತಾರೆ. ಅದೇ ಬೆಂಗಳೂರಿನ ಕಿಂಗ್‌ಫಿಷರ್ ವಿಮಾನ ಕಂಪನಿ 2012ರ ಅಕ್ಟೋಬರ್‌ನಲ್ಲಿ ಹಾರಾಟ ನಿಲ್ಲಿಸಿತು. ಅದರ ಷೇರು ಇಟ್ಟುಕೊಂಡು ಕೂತವರಿಗೆ ಕಾಗದವೇ ಉಳಿದದ್ದು. ತಾಳ್ಮೆ ಒಳ್ಳೇದೇ, ಆದರೆ ಕಾರಣ ಇಲ್ಲದ ತಾಳ್ಮೆಗೆ ಫಲ ಇಲ್ಲ.

ಆಟ ಆಡಿಸೋದು ಹೇಗೆ?

ಎಂಟು, ಒಂಬತ್ತು, ಹತ್ತನೇ ತರಗತಿಯ ಮಕ್ಕಳನ್ನು ಐದೈದು ಮಂದಿಯ ತಂಡ ಮಾಡಿ. ಗಂಡು ಹೆಣ್ಣು ಬೆರೆತಿರಲಿ. ನಮ್ಮ ಸಂಘದ ಹಾಗೆಯೇ ತಂಡಕ್ಕೊಂದು ಹೆಸರು, ಒಬ್ಬ ಪ್ರತಿನಿಧಿ, ಲೆಕ್ಕ ಬರೆಯಲು ಒಬ್ಬರು. ವಾರಕ್ಕೊಮ್ಮೆ ಮುಕ್ಕಾಲು ಗಂಟೆ, ಒಟ್ಟು ಹತ್ತು ವಾರ. ಆಟದಲ್ಲಿ ಒಂದು ವಾರ ಅಂದ್ರೆ ಆರು ತಿಂಗಳು. ಹತ್ತು ವಾರಕ್ಕೆ ಐದು ವರ್ಷ ಕಳೀತದೆ.

ಪ್ರತಿ ತಂಡಕ್ಕೂ 10,000 ರೂ. ಆಟದ ದುಡ್ಡು. ಅದನ್ನು ಇಡಲು ಆರು ಜಾಗಗಳು:

1. ಉಳಿತಾಯ ಖಾತೆ. ಬಡ್ಡಿ ಕಡಿಮೆ, ಆದರೆ ಯಾವಾಗ ಬೇಕಾದರೂ ತೆಗೀಬಹುದು.
2. ಬ್ಯಾಂಕು ಅಥವಾ ಅಂಚೆ ಕಚೇರಿಯ ನಿಗದಿತ ಠೇವಣಿ. ಬಡ್ಡಿ ಸ್ವಲ್ಪ ಹೆಚ್ಚು, ಅವಧಿಗೆ ಮುಂಚೆ ತೆಗೆದರೆ ಕಡಿತ.
3. ಚಿನ್ನ. ಬೆಲೆ ಏರಿಳೀತದೆ. ಒಡವೆ ಮಾಡಿಸಿದರೆ ಮಜೂರಿ, ಸವಕಲು ಕಳೀಬೇಕು.
4. ಕುರಿ, ಹಸು, ರೇಷ್ಮೆ ಇಂಥ ಸ್ವಂತ ಕಸುಬು. ಲಾಭ ಬರಬಹುದು, ಮೈಮುರಿದು ದುಡಿಯಬೇಕು, ರೋಗ ಬಂದರೆ ನಷ್ಟ.
5. ಒಂದೊಂದೇ ಕಂಪನಿಯ ಷೇರು.
6. ಮ್ಯೂಚುವಲ್ ಫಂಡ್. ಬಹಳ ಜನರ ದುಡ್ಡು ಒಟ್ಟುಮಾಡಿ ಬಹಳ ಕಂಪನಿಗಳಲ್ಲಿ ಹಾಕ್ತಾರೆ. ಇಲ್ಲೂ ಏರಿಳಿತ ಇದೆ.

ಬಡ್ಡಿ ದರ, ಚಿನ್ನದ ಬೆಲೆ, ಷೇರಿನ ಬೆಲೆ ಎಲ್ಲವನ್ನೂ ಮೇಷ್ಟ್ರು ಅಥವಾ ಮೇಡಂ ಹಳೆಯ ಐದು ವರ್ಷದ ಪತ್ರಿಕೆ ನೋಡಿ ಮೊದಲೇ ಬರೆದಿಟ್ಟುಕೊಳ್ಳಬೇಕು. ಮಕ್ಕಳಿಗೆ ಆಯಾ ವಾರದ್ದನ್ನು ಮಾತ್ರ ತೋರಿಸಬೇಕು.

ಇದರ ಜೊತೆಗೆ ಒಂದು ಡಬ್ಬಿಯಲ್ಲಿ ಚೀಟಿಗಳು. ಪ್ರತಿ ವಾರ ತಂಡದವರು ಒಂದು ಚೀಟಿ ಎತ್ತಬೇಕು. "ಮಳೆ ಕೈಕೊಟ್ಟಿತು", "ಗೂಡಿನ ಬೆಲೆ ಏರಿತು", "ಕಬಿನಿ ತುಂಬಿ ಗದ್ದೆಗೆ ನೀರು ನುಗ್ಗಿತು", "ಅಜ್ಜಿಗೆ ಆಸ್ಪತ್ರೆ ಖರ್ಚು 3,000 ರೂ.", "ಅಕ್ಕನ ಕಾಲೇಜು ಫೀಸು", "ಬೇಗ ದುಪ್ಪಟ್ಟು ಮಾಡಿಕೊಡ್ತೀವಿ ಅಂತ ಒಬ್ಬ ಬಂದ". ಈ ಚೀಟಿಗಳೇ ಆಟದ ಜೀವ. ಷೇರು ಪೇಟೆಯ ಆಟ ಎಂದು ಹೊರಗಡೆ ಆಡಿಸುವುದರಲ್ಲಿ ಸಾಮಾನ್ಯವಾಗಿ ಆಸ್ಪತ್ರೆ ಖರ್ಚು ಇರೋದಿಲ್ಲ. ನಮ್ಮ ಮನೆಗಳಲ್ಲಿ ಆಸ್ಪತ್ರೆ ಖರ್ಚು ಇಲ್ಲದ ವರ್ಷವೇ ಇರೋದಿಲ್ಲ.

ಎರಡು ತಂಡ, ಒಂದೇ ಕಷ್ಟ

ಒಂದು ಲೆಕ್ಕ ನೋಡಿ. ಅರ್ಥವಾಗಲಿ ಅಂತ ಬಡ್ಡಿಯನ್ನು ಬಿಟ್ಟಿದ್ದೇವೆ.

ಕಪಿಲಾ ತಂಡ 10,000 ರೂಪಾಯಿಯನ್ನೂ ಒಂದೇ ಕಂಪನಿಯ ಷೇರಿಗೆ ಹಾಕಿತು. ಕಾವೇರಿ ತಂಡ 3,000 ಉಳಿತಾಯ ಖಾತೆಗೆ, 4,000 ಠೇವಣಿಗೆ, 3,000 ಅದೇ ಷೇರಿಗೆ ಹಾಕಿತು. ಮುಂದಿನ ವಾರ ಷೇರಿನ ಬೆಲೆ ನೂರಕ್ಕೆ ನಲವತ್ತು ಇಳಿಯಿತು. ಅದೇ ವಾರ ಇಬ್ಬರಿಗೂ 3,000 ರೂ. ಆಸ್ಪತ್ರೆ ಚೀಟಿ ಬಂತು.

ಕಪಿಲಾ ತಂಡದ 10,000 ಈಗ 6,000. ಬೇರೆ ದುಡ್ಡಿಲ್ಲ, ಇಳಿದ ಬೆಲೆಗೇ ಮಾರಿ 3,000 ಕಟ್ಟಿದರು. ಉಳಿದದ್ದು 3,000. ಕಾವೇರಿ ತಂಡ ಉಳಿತಾಯ ಖಾತೆಯಿಂದ 3,000 ಕಟ್ಟಿತು, ಷೇರನ್ನು ಮುಟ್ಟಲಿಲ್ಲ. ಷೇರು 1,800ಕ್ಕೆ ಇಳಿದಿದೆ, ಠೇವಣಿ 4,000 ಹಾಗೇ ಇದೆ.

ನಾಲ್ಕು ವಾರ ಕಳೆದ ಮೇಲೆ ಷೇರು ಮೊದಲಿನ ಬೆಲೆಗೆ ಬಂತು ಅನ್ನೋಣ. ಕಪಿಲಾ ತಂಡದ 3,000 ಆಗ 5,000 ಆಗ್ತದೆ. ಕಾವೇರಿ ತಂಡದ್ದು 4,000 ಮತ್ತು 3,000 ಸೇರಿ 7,000. ಇಬ್ಬರಿಗೂ ಬಂದ ಕಷ್ಟ ಒಂದೇ, ಕಂಪನಿಯೂ ಒಂದೇ, ವ್ಯತ್ಯಾಸ 2,000 ರೂ.

ಕಪಿಲಾ ತಂಡವನ್ನು ಮುಳುಗಿಸಿದ್ದು ಬೆಲೆ ಇಳಿದದ್ದಲ್ಲ. ಇಳಿದ ಹೊತ್ತಿನಲ್ಲೇ ಮಾರಬೇಕಾಗಿ ಬಂದದ್ದು. ಹಾಲು ಕರೆಯೋ ಹಸುವನ್ನು ಕಷ್ಟಕ್ಕೆ ಸಿಕ್ಕಿದ ಬೆಲೆಗೆ ಮಾರಿದ ಅಕ್ಕನಿಗೆ ಇದು ಚೆನ್ನಾಗಿ ಗೊತ್ತು. ಅದಕ್ಕೇ ದೊಡ್ಡವರು ಮನೆಯಲ್ಲಿ ಆಪತ್ತಿಗೆ ಅಂತ ಒಂದು ಗಂಟು ತೆಗೆದಿಡ್ತಿದ್ದರು. ಆಪತ್ತಿನ ಗಂಟು ಮೊದಲು, ಷೇರು ಆಮೇಲೆ. ಈ ಮಾತನ್ನು ಹೇಳಿ ಕಲಿಸಿದರೆ ಮಗು ತಲೆ ಆಡಿಸ್ತದೆ. ತಾನೇ ಕಪಿಲಾ ತಂಡದಲ್ಲಿದ್ದು ಕಳಕೊಂಡರೆ ಜೀವಮಾನದಲ್ಲಿ ಮರೆಯೋದಿಲ್ಲ. ಅದೂ ಆಟದ ದುಡ್ಡಿನಲ್ಲಿ, ಯಾರ ಹೊಟ್ಟೆಗೂ ಹೊಡೀದೆ.

ಸಾಲದ ಲೆಕ್ಕವನ್ನೂ ಸೇರಿಸಿ

ಹೂಡಿಕೆ ಕಲಿಸಿ ಸಾಲ ಕಲಿಸದಿದ್ದರೆ ಒಂದೇ ಕಣ್ಣು ತೆರೆದಂತೆ. ಆಟದ ನಡುವೆ ಒಂದು ವಾರ ನಮ್ಮ ಸಂಘದ ಪುಸ್ತಕವನ್ನೇ ಮಕ್ಕಳ ಮುಂದೆ ಇಡಬಹುದು. ಸದಸ್ಯರ ಒಪ್ಪಿಗೆ ಪಡೆದು, ಹೆಸರು ಮುಚ್ಚಿ ತೋರಿಸಿ.

10,000 ರೂ. ಸಾಲ, ತಿಂಗಳಿಗೆ ನೂರಕ್ಕೆ ಎರಡು ಬಡ್ಡಿ, ಹತ್ತು ತಿಂಗಳು. ತಿಂಗಳಿಗೆ ಅಸಲು 1,000 ಕಟ್ಟಿ, ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕಿದರೆ ಒಟ್ಟು ಬಡ್ಡಿ 1,100 ರೂ. ಅಸಲು ತೀರುತ್ತಾ ಬಂದರೂ ಪೂರ್ತಿ 10,000ಕ್ಕೇ ಹತ್ತು ತಿಂಗಳೂ ಬಡ್ಡಿ ಹಾಕಿದರೆ 2,000 ರೂ. ಬಾಯಲ್ಲಿ ಹೇಳೋದು ಎರಡೂ ಕಡೆ "ನೂರಕ್ಕೆ ಎರಡೇ ಕಣವ್ವ". ಕೈಯಿಂದ ಹೋಗೋದು ಹೆಚ್ಚುಕಮ್ಮಿ ಎರಡರಷ್ಟು. ಸಂಘದಲ್ಲಿ ಕಟ್ಟಿದ ಬಡ್ಡಿ ನಮ್ಮದೇ ಸಂಘದಲ್ಲಿ ಉಳೀತದೆ ಎಂಬುದನ್ನೂ ಮಕ್ಕಳಿಗೆ ತೋರಿಸಿ.

ಇನ್ನೊಂದು ಸುಲಭ ಸೂತ್ರ: 72ನ್ನು ವರ್ಷದ ಬಡ್ಡಿ ದರದಿಂದ ಭಾಗಿಸಿದರೆ ದುಡ್ಡು ಎರಡರಷ್ಟಾಗಲು ಸುಮಾರು ಎಷ್ಟು ವರ್ಷ ಬೇಕು ಅಂತ ಗೊತ್ತಾಗ್ತದೆ. ವರ್ಷಕ್ಕೆ ನೂರಕ್ಕೆ ಎಂಟು ಬಡ್ಡಿ ಬಂದರೆ 9 ವರ್ಷ. ಕೈಸಾಲದವರು ತಿಂಗಳಿಗೆ ನೂರಕ್ಕೆ ಮೂರು ಅಂದ್ರೆ ವರ್ಷಕ್ಕೆ 36. ಬಡ್ಡಿ ಕಟ್ಟದೆ ಬಿಟ್ಟು ಅದೂ ಅಸಲಿಗೆ ಸೇರಿದರೆ 2 ವರ್ಷಕ್ಕೆ ಸಾಲ ಎರಡರಷ್ಟು. ನಮ್ಮ ಉಳಿತಾಯ ಬೆಳೆಯಲು ಒಂಬತ್ತು ವರ್ಷ, ನಮ್ಮ ಸಾಲ ಬೆಳೆಯಲು ಎರಡು ವರ್ಷ! ಯಾರಾದರೂ ಬಂದು "ಒಂದು ವರ್ಷದಲ್ಲಿ ದುಪ್ಪಟ್ಟು" ಅಂದರೆ, ವರ್ಷಕ್ಕೆ ನೂರಕ್ಕೆ ನೂರು ಬಡ್ಡಿ ಕೊಡಲು ಅವನು ಯಾವ ವ್ಯಾಪಾರ ಮಾಡ್ತಾನೆ ಅಂತ ಮಕ್ಕಳೇ ಕೇಳ್ತಾರೆ. ಬೆಂಗಳೂರಿನ ಐ.ಎಂ.ಎ. ಎಂಬ ಸಂಸ್ಥೆ 2019ರ ಜೂನ್‌ನಲ್ಲಿ ಬಾಗಿಲು ಹಾಕಿದಾಗ ಸಾವಿರಾರು ಮಂದಿ ಕಣ್ಣೀರು ಹಾಕಿದರು. ಅದರಲ್ಲಿ ಒಡವೆ ಮಾರಿ ದುಡ್ಡು ಹಾಕಿದ ಹೆಣ್ಣುಮಕ್ಕಳೂ ಇದ್ದರು.

ಆಟದಲ್ಲೂ ಅಪಾಯ ಇದೆ

ಇಂಥ ಆಟದಲ್ಲಿ ಒಂದು ದೊಡ್ಡ ದೋಷ ಇದೆ. ಸುಳ್ಳು ದುಡ್ಡು ಆದ್ದರಿಂದ ಕಳಕೊಂಡರೂ ನೋವಿಲ್ಲ. ಹತ್ತೇ ವಾರದಲ್ಲಿ ಹೆಚ್ಚು ಗಳಿಸಿದವರಿಗೆ ಬಹುಮಾನ ಅಂತ ಇಟ್ಟರೆ, ಎಲ್ಲವನ್ನೂ ಒಂದೇ ಕಡೆ ಸುರಿದು ಅದೃಷ್ಟಕ್ಕೆ ಗೆದ್ದ ತಂಡಕ್ಕೇ ಬಹುಮಾನ ಹೋಗ್ತದೆ. ಮಕ್ಕಳು ಕಲಿಯೋದು ಜೂಜು. ಹಾಗಾಗಿ ಅಂಕ ಹೀಗೆ ಕೊಡಿ: ಲೆಕ್ಕದ ಪುಸ್ತಕ ಸರಿಯಾಗಿ ಬರೆದದ್ದಕ್ಕೆ 40, ಪ್ರತಿ ತೀರ್ಮಾನಕ್ಕೂ ಕಾರಣ ಬರೆದದ್ದಕ್ಕೆ 30, ಐದೂ ಮಂದಿ ಮಾತಾಡಿ ತೀರ್ಮಾನ ಮಾಡಿದ್ದಕ್ಕೆ 20, ಲಾಭಕ್ಕೆ 10 ಮಾತ್ರ. ಹೆಣ್ಣುಮಕ್ಕಳು ಲೆಕ್ಕ ಬರೆಯೋದು, ಗಂಡುಮಕ್ಕಳು ತೀರ್ಮಾನ ಮಾಡೋದು ಅಂತ ಆಗದ ಹಾಗೆ ಪ್ರತಿ ವಾರ ಕೆಲಸ ಬದಲಾಯಿಸಿ.

ಎರಡನೆಯದು, ಫೋನಿನ ಆ್ಯಪ್ ಬೇಡ. ಷೇರು ಬೆಲೆಯ ಮೇಲೆ ಆಟ, ಪಂದ್ಯ ನಡೆಸುವ ಅನಧಿಕೃತ ಆ್ಯಪ್‌ಗಳಿಂದ ದೂರ ಇರಿ ಎಂದು ಸೆಬಿ 2016ರಲ್ಲೂ 2024ರಲ್ಲೂ ಎಚ್ಚರಿಕೆ ಕೊಟ್ಟಿದೆ. ಪಾಠ ಹೇಳುವ ನೆಪದಲ್ಲಿ ಈ ಹೊತ್ತಿನ ಷೇರು ಬೆಲೆ ತೋರಿಸಿ ಆಸೆ ಹುಟ್ಟಿಸುವುದನ್ನು ತಡೆಯಲು 2025ರ ಜನವರಿಯ ಸುತ್ತೋಲೆಯಲ್ಲಿ ಕನಿಷ್ಠ ಮೂರು ತಿಂಗಳು ಹಳೆಯ ಬೆಲೆ ಬಳಸಬೇಕು ಎಂದು ಹೇಳಿತು. ನಮ್ಮ ಆಟದಲ್ಲಿ ವರ್ಷಗಳಷ್ಟು ಹಳೆಯ ಬೆಲೆ ಬಳಸುವುದು ಇದಕ್ಕೇ. ಇಲ್ಲಿ ನಿಜವಾದ ಒಂದು ರೂಪಾಯಿಯೂ ಬರಬಾರದು, ಪಂದ್ಯವೂ ಕಟ್ಟಬಾರದು.

ಮೂರನೆಯದು, ಯಾವ ಕಂಪನಿಯ ಷೇರು ಕೊಳ್ಳಿ ಎಂದು ಹೇಳಿಕೊಡುವುದು ಈ ಆಟದ ಉದ್ದೇಶವಲ್ಲ. ಮೇಲೆ ಬಂದ ಕಂಪನಿಗಳ ಹೆಸರು ಪಾಠಕ್ಕೆ ಉದಾಹರಣೆ ಅಷ್ಟೆ.

ಆಟ ಮುಗಿದ ಮೇಲೆ ನಿಜದ ಹೆಜ್ಜೆ

ಹತ್ತು ವಾರದ ಕೊನೆಗೆ ಮಗುವಿನ ಹೆಸರಲ್ಲಿ ಒಂದು ನಿಜವಾದ ಉಳಿತಾಯ ಖಾತೆ ಇರಲಿ. ರಿಸರ್ವ್ ಬ್ಯಾಂಕ್ 2025ರ ಏಪ್ರಿಲ್‌ನಲ್ಲಿ ಹೊರಡಿಸಿದ ಸೂಚನೆಯಂತೆ ಹತ್ತು ವರ್ಷ ದಾಟಿದ ಮಕ್ಕಳು, ಬ್ಯಾಂಕು ಹಾಕುವ ಮಿತಿಯೊಳಗೆ, ಉಳಿತಾಯ ಖಾತೆಯನ್ನು ತಾವೇ ನಡೆಸಬಹುದು. ಮನೆಯಲ್ಲಿ ಹತ್ತು ತುಂಬದ ಹೆಣ್ಣುಮಗು ಇದ್ದರೆ 2015ರಲ್ಲಿ ಬಂದ ಸುಕನ್ಯಾ ಸಮೃದ್ಧಿ ಖಾತೆ ತೆರೆಯಬಹುದು. ವರ್ಷಕ್ಕೆ ಕನಿಷ್ಠ 250 ರೂ. ಕಟ್ಟಿದರೆ ಸಾಕು. ಬ್ಯಾಂಕಿನಲ್ಲಿಟ್ಟ ದುಡ್ಡಿಗೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂ.ವರೆಗೆ ವಿಮೆ ಇದೆ. ಊರಿಗೆ ಬಂದು ರಸೀದಿ ಹರಿದುಕೊಡುವ ಹೆಸರಿಲ್ಲದ ಕಂಪನಿಗೆ ಅಂಥ ವಿಮೆ ಇಲ್ಲ. ಫೋನಿನಲ್ಲಿ ಮೋಸ ಆದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು ಎಂಬುದನ್ನು ಮಕ್ಕಳಿಗೂ ಕಲಿಸಿ, ನೀವೂ ನೆನಪಿಡಿ.

ಈ ಆಟವನ್ನು ಶುರು ಮಾಡಿಸಲು ನಾವು ಕಾಯಬೇಕಿಲ್ಲ. ಶಾಲಾಭಿವೃದ್ಧಿ ಸಮಿತಿಯಲ್ಲಿ ನಮ್ಮ ಸದಸ್ಯೆಯರಿದ್ದಾರೆ. ಸಮಾಜ ವಿಜ್ಞಾನದ ಮೇಷ್ಟ್ರ ಹತ್ತಿರ ಮಾತಾಡಬಹುದು. ಸಂಘದ ಲೆಕ್ಕ ಬರೆಯುವ ಅಕ್ಕ ಒಂದು ವಾರ ಶಾಲೆಗೆ ಹೋಗಿ ಪುಸ್ತಕ ಬರೆಯುವ ಕ್ರಮ ತೋರಿಸಬಹುದು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ತಾಯಿ ಹತ್ತನೇ ಕ್ಲಾಸಿನ ಮಕ್ಕಳ ಮುಂದೆ ನಿಂತು ಬಡ್ಡಿ ಲೆಕ್ಕ ಬಿಡಿಸಿದರೆ, ಆ ದಿನ ಮಕ್ಕಳು ಕಲಿಯುವುದು ಬಡ್ಡಿಯನ್ನು ಮಾತ್ರ ಅಲ್ಲ.

ಮುಂದಿನ ಸಭೆಯಲ್ಲಿ ಚರ್ಚಿಸಿ:

• ನಮ್ಮ ಮನೆಯ ದುಡ್ಡಿನ ತೀರ್ಮಾನಗಳಲ್ಲಿ ಹೈಸ್ಕೂಲಿನ ಮಗ, ಮಗಳು ಇಬ್ಬರನ್ನೂ ಕೂರಿಸಿಕೊಳ್ತೀವಾ?
• ನಮ್ಮ ಮನೆಯಲ್ಲಿ ಆಪತ್ತಿನ ಗಂಟು ಎಷ್ಟಿದೆ? ಮೂರು ತಿಂಗಳ ಖರ್ಚಿಗೆ ಸಾಕಾ?
• ಸಂಘದ ಹೊರಗೆ ನಾವು ತಂದ ಸಾಲದಲ್ಲಿ ಬಡ್ಡಿ ಪೂರ್ತಿ ಅಸಲಿಗೋ, ಉಳಿದ ಅಸಲಿಗೋ?
• ನಮ್ಮೂರ ಹೈಸ್ಕೂಲಿನಲ್ಲಿ ಈ ಆಟ ಆಡಿಸಲು ಯಾರು ಹೋಗಿ ಮಾತಾಡ್ತಾರೆ, ಯಾವ ದಿನ?

ಕೊನೆಯ ಪ್ರಶ್ನೆಗೆ ಬಂದ ಉತ್ತರವನ್ನು ಸದಸ್ಯೆಯ ಹೆಸರು, ದಿನಾಂಕ ಸಮೇತ ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಮಾಡಿಸಿ.